ಡಾಮಿನೋ ಆಡೋಣ ಬನ್ನಿ: 28 ಬಿಲ್ಲೆ ಮತ್ತು ಏಳರ ಲೆಕ್ಕ

ಮೂಡಿಗೆರೆ ಕಡೆ ನಮ್ಮ ಸೋದರತ್ತೆಯ ಮನೆಯಲ್ಲಿ ಜುಲೈ ತಿಂಗಳು ಅಂದರೆ ಕರೆಂಟು ಇಲ್ಲ ಅಂತಲೇ ಅರ್ಥ. ಗಾಳಿಗೆ ಎಲ್ಲೋ ಒಂದು ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕತ್ತಲು. ಟವರೂ ಸತ್ತಿರುತ್ತೆ, ಹಾಗಾಗಿ ಮೊಬೈಲೂ ಇದ್ದೂ ಇಲ್ಲದ ಹಾಗೆ. ಮೊದಲೆಲ್ಲ ಇಂಥ ದಿನ ಇಸ್ಪೀಟು ನಡೆಯುತ್ತಿತ್ತು. ಆದರೆ ಆ ಮಳೆಗೆ ಇಸ್ಪೀಟಿನ ಎಲೆಗಳು ನಮೆದ ಹಪ್ಪಳದ ಹಾಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಲೆಸೋಕೆ ಆಗಲ್ಲ. ಅದಕ್ಕೇ ನಾನು ಆನ್‌ಲೈನಿನಲ್ಲಿ ಒಂದು ಡಾಮಿನೋ ಸೆಟ್ ತರಿಸಿ, ಹಾಸನದಿಂದ ಹೊರಡುವಾಗ ಬ್ಯಾಗಿಗೆ ಹಾಕಿಕೊಂಡು ಹೋದೆ.

"ಏನೋ ಇದು, ಪಿಜ್ಜಾ ಅಂಗಡಿ ಗುರುತು?" ಅಂದಳು ಅತ್ತೆಯ ಮೊಮ್ಮಗಳು. ತಪ್ಪೇನಲ್ಲ. ಆ ಪಿಜ್ಜಾ ಡಬ್ಬಿಯ ಮೇಲಿರುವುದು ಡಾಮಿನೋ ಬಿಲ್ಲೆಯೇ. ಒಂದು ಕಡೆ ಒಂದು ಚುಕ್ಕಿ, ಇನ್ನೊಂದು ಕಡೆ ಎರಡು. ನಮ್ಮಲ್ಲಿ ಹೆಚ್ಚಿನವರಿಗೆ ಡಾಮಿನೋ ಅಂದರೆ ಅದು, ಇಲ್ಲವೇ ಸಾಲಾಗಿ ನಿಲ್ಲಿಸಿ ಬೀಳಿಸುವ ವಿಡಿಯೋ. ಅದೊಂದು ಆಟ, ಅದೂ ಚೌಕಾಬಾರಕ್ಕಿಂತ ಜಾಸ್ತಿ ತಲೆ ಓಡಿಸುವ ಆಟ ಅಂತ ಗೊತ್ತಿರುವವರು ಕಡಿಮೆ. ಹೊಸದಾಗಿ ಶುರು ಮಾಡುವವರಿಗೆ ಸೆಟ್ ಕೊಳ್ಳುವುದರಿಂದ ಹಿಡಿದು ಆಡುವ ತನಕ ನನಗೆ ಗೊತ್ತಿರುವುದನ್ನು ಇಲ್ಲಿ ಬರೆದಿದ್ದೇನೆ.

ಸೆಟ್ಟಿನಲ್ಲಿ ಏನಿರುತ್ತೆ?

ಒಂದೊಂದು ಬಿಲ್ಲೆಯೂ ಅಗಲಕ್ಕಿಂತ ಎರಡು ಪಟ್ಟು ಉದ್ದ. ಮಧ್ಯೆ ಒಂದು ಗೆರೆ. ಗೆರೆಯ ಆಚೆ ಈಚೆ ಸೊನ್ನೆಯಿಂದ ಆರರವರೆಗೆ ಯಾವುದಾದರೂ ಒಂದು ಸಂಖ್ಯೆಯಷ್ಟು ಚುಕ್ಕಿ. ಚುಕ್ಕಿ ಇಲ್ಲದ ಅರ್ಧಕ್ಕೆ ಅತ್ತೆ "ಬೋಳು" ಅಂತ ಹೆಸರಿಟ್ಟಿದ್ದಾರೆ. ನಾನೂ ಹಾಗೇ ಕರೆಯುತ್ತೇನೆ. ಎರಡೂ ಕಡೆ ಒಂದೇ ಸಂಖ್ಯೆ ಇದ್ದರೆ ಅದು ಜೋಡಿ.

ಸೊನ್ನೆಯಿಂದ ಆರು ಅಂದರೆ ಏಳು ಸಂಖ್ಯೆ. ಪ್ರತಿ ಸಂಖ್ಯೆಯೂ ಉಳಿದ ಒಂದೊಂದರ ಜೊತೆ ಒಂದೇ ಸಲ ಸೇರಿದರೆ 21 ಬಿಲ್ಲೆ. ಜೊತೆಗೆ ಏಳು ಜೋಡಿ. ಒಟ್ಟು 28. ಎಲ್ಲ ಬಿಲ್ಲೆಯ ಚುಕ್ಕಿ ಕೂಡಿಸಿದರೆ 168.

ಇಷ್ಟರಲ್ಲಿ ಒಂದು ವಿಷಯ ಮಾತ್ರ ತಲೆಯಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಯಾವ ಸಂಖ್ಯೆಯನ್ನೇ ತೆಗೆದುಕೊಳ್ಳಿ, ಅದು ಇರುವುದು ಏಳೇ ಬಿಲ್ಲೆಯಲ್ಲಿ. ಮೂರು ಬೇಕಾ? 3-0, 3-1, 3-2, 3-3, 3-4, 3-5, 3-6. ಮುಗೀತು, ಎಂಟನೆಯದು ಇಲ್ಲ. ಈ ಏಳರ ಲೆಕ್ಕ ಗೊತ್ತಿಲ್ಲದವರಿಗೆ ಡಾಮಿನೋ ಬರೀ ಅದೃಷ್ಟ. ಗೊತ್ತಿರುವವರಿಗೆ ಎದುರಿನವರ ಕೈ ಅರ್ಧ ಕಾಣಿಸುತ್ತೆ.

ಆಟ ಹುಟ್ಟಿದ್ದು ಚೀನಾದಲ್ಲಿ, ಬಹಳ ಹಿಂದೆ. ಎರಡು ದಾಳ ಎಸೆದರೆ 21 ರೀತಿಯಲ್ಲಿ ಬೀಳಬಹುದಲ್ವಾ, ಅದನ್ನೇ ಬಿಲ್ಲೆ ಮೇಲೆ ಕೊರೆದರು. ಅವರ ಸೆಟ್ಟಿನಲ್ಲಿ 32 ಬಿಲ್ಲೆ. ಆ 21ರಲ್ಲಿ 11 ಎರಡೆರಡು ಸಲ ಬರುತ್ತವೆ, ಬೋಳು ಇಲ್ಲವೇ ಇಲ್ಲ. ಯುರೋಪಿನಲ್ಲಿ ಇದು ಕಾಣಿಸಿಕೊಂಡಿದ್ದು 18ನೇ ಶತಮಾನದಲ್ಲಿ, ಇಟಲಿಯಲ್ಲಿ. ಬೋಳು ಸೇರಿದ 28ರ ಸೆಟ್ಟು ಅಲ್ಲಿಯದು. ಆಗ ಬಿಲ್ಲೆಗಳನ್ನು ಮೂಳೆಯಲ್ಲಿ, ದಂತದಲ್ಲಿ ಮಾಡುತ್ತಿದ್ದರು. ಇಂಗ್ಲಿಷಿನವರು ಇವತ್ತಿಗೂ ಬಿಲ್ಲೆಗೆ ಮೂಳೆ ಅಂತಲೂ, ಮಿಕ್ಕ ರಾಶಿಗೆ ಮೂಳೆಯ ಅಂಗಳ ಅಂತಲೂ ಅನ್ನುತ್ತಾರೆ.

ಯಾವ ಸೆಟ್ ಕೊಳ್ಳಬೇಕು?

ಡಬಲ್ ಸಿಕ್ಸ್. ಅಂದರೆ ದೊಡ್ಡ ಜೋಡಿ 6-6 ಇರುವ, ಈಗ ಹೇಳಿದ 28ರ ಸೆಟ್. ಅಂಗಡಿಯವರು ಡಬಲ್ ನೈನ್ (55 ಬಿಲ್ಲೆ), ಡಬಲ್ ಟ್ವೆಲ್ವ್ (91 ಬಿಲ್ಲೆ) ತೋರಿಸಿ "ಇದರಲ್ಲಿ ಜಾಸ್ತಿ ಬರುತ್ತೆ ಸರ್" ಅನ್ನಬಹುದು. ಜಾಸ್ತಿ ಬರುತ್ತೆ ನಿಜ, ಆದರೆ ಕಲಿಯುವವರಿಗೆ ಬೇಡ. 91 ಬಿಲ್ಲೆಯನ್ನು ಕತ್ತಲಲ್ಲಿ, ಮೇಣದಬತ್ತಿ ಬೆಳಕಲ್ಲಿ ಹರಡಿಕೊಂಡು ಕೂತರೆ ಹನ್ನೊಂದು ಚುಕ್ಕಿ ಯಾವುದು, ಹನ್ನೆರಡು ಯಾವುದು ಅಂತ ಎಣಿಸುವುದರಲ್ಲೇ ರಾತ್ರಿ ಕಳೆಯುತ್ತೆ.

ಕೊಳ್ಳುವಾಗ ನಾನು ನೋಡುವುದು ಇಷ್ಟು.

ಮೊದಲನೆಯದು ದಪ್ಪ. ಆಡುವಾಗ ಬಿಲ್ಲೆಗಳನ್ನು ಚುಕ್ಕಿ ನಮಗೆ ಮಾತ್ರ ಕಾಣುವ ಹಾಗೆ ಮಗ್ಗುಲಾಗಿ ನಿಲ್ಲಿಸಿಕೊಳ್ಳಬೇಕು. ತೆಳ್ಳಗಿದ್ದರೆ ಟೇಬಲ್ಲಿಗೆ ಯಾರೋ ಮೊಣಕೈ ತಗುಲಿಸಿದ ಕೂಡಲೇ ಅಂಗಾತ ಬಿದ್ದು ನಿಮ್ಮ ಕೈ ಊರಿಗೆಲ್ಲ ಗೊತ್ತಾಗುತ್ತೆ. ಸುಮಾರು 5 ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ದಪ್ಪ ಇದ್ದರೆ ಚೆನ್ನ.

ಎರಡನೆಯದು ಚುಕ್ಕಿ. ಅಚ್ಚು ಹಾಕಿದ ಚುಕ್ಕಿ ಬೇಡ, ಕೊರೆದ ಚುಕ್ಕಿ ಬೇಕು. ಉಗುರು ಆಡಿಸಿ ನೋಡಿ, ಗುಳಿ ಸಿಗಬೇಕು. ಇದು ಬರೀ ಬಾಳಿಕೆಯ ಮಾತಲ್ಲ. ಅತ್ತೆಗೆ ಒಂದು ಕಣ್ಣಿನ ಪೊರೆ ಆಪರೇಶನ್ ಆಗಿದೆ, ಇನ್ನೊಂದು ಬಾಕಿ. ಅವರು ಬಿಲ್ಲೆ ನೋಡುವುದೇ ಇಲ್ಲ. ಎಡಗೈ ಹೆಬ್ಬೆರಳನ್ನು ಮೇಲಿಂದ ಕೆಳಕ್ಕೆ ಒಂದು ಸಲ ಎಳೆಯುತ್ತಾರೆ. ಗೆರೆ ಸಿಕ್ಕಾಗ ಅರೆಕ್ಷಣ ನಿಲ್ಲಿಸುತ್ತಾರೆ, ಮತ್ತೆ ಕೆಳಗಿನ ಅರ್ಧ. ಐದಕ್ಕೂ ಆರಕ್ಕೂ ವ್ಯತ್ಯಾಸ ಅವರಿಗೆ ಗೊತ್ತಾಗುವುದು ನಡುವಿನ ಗುಳಿಯಿಂದ. ಐದರಲ್ಲಿ ನಡುವೆ ಗುಳಿ ಇದೆ, ಆರರಲ್ಲಿ ಇಲ್ಲ.

ಕೆಲವು ಬಿಲ್ಲೆಗಳ ನಡುವೆ ಹಿತ್ತಾಳೆಯ ಪುಟ್ಟ ಮೊಳೆ ಇರುತ್ತೆ. ಅಂದಕ್ಕೆ ಅಂತ ನಾನು ಅಂದುಕೊಂಡಿದ್ದೆ. ಬಿಲ್ಲೆಯನ್ನು ಬೋರಲು ಹಾಕಿ ಕಲೆಸುವಾಗ ಅದು ಆ ಗುಂಡು ಮೊಳೆಯ ಮೇಲೆ ಸಲೀಸಾಗಿ ತಿರುಗುತ್ತೆ, ಮುಖ ಸವೆಯಲ್ಲ. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಷ್ಟವಿಲ್ಲ.

ಇನ್ನು ಮರದ್ದೋ ಪ್ಲಾಸ್ಟಿಕ್ಕೋ? ಹಾಸನ ಪೇಟೆಯಲ್ಲಿ ಇರುವವರು ಮರದ್ದು ಕೊಳ್ಳಿ, ಕೈಗೆ ಹಿತ. ಮೂಡಿಗೆರೆ, ಕಳಸ, ಕೊಪ್ಪ, ಸಕಲೇಶಪುರದ ಕಡೆಯವರಿಗೆ ನನ್ನ ಸಲಹೆ ಪ್ಲಾಸ್ಟಿಕ್ ಅಥವಾ ಮೆಲಮೈನ್. ಮಳೆಗಾಲ ಕಳೆಯುವಷ್ಟರಲ್ಲಿ ಮರದ ಬಿಲ್ಲೆ ಉಬ್ಬಿ ಡಬ್ಬಿಯಲ್ಲಿ ಕೂರಲ್ಲ. ಅದಕ್ಕಿಂತ ಕಷ್ಟದ್ದು ಒಳಗೆ ಮಖಮಲ್ ಬಟ್ಟೆ ಅಂಟಿಸಿದ ಚಂದದ ಡಬ್ಬಿ. ಒಂದೇ ಆಷಾಢಕ್ಕೆ ಅದರ ತುಂಬ ಬೂಷ್ಟು. ನಾವು ಆ ಡಬ್ಬಿ ಎಸೆದು, ಬಿಲ್ಲೆಗಳನ್ನು ಸ್ಟೀಲ್ ಡಬ್ಬಿಗೆ ಹಾಕಿದ್ದೇವೆ. ಪ್ಲಾಸ್ಟಿಕ್ ಬಿಲ್ಲೆಯನ್ನು ಸೋಪಿನ ನೀರಲ್ಲಿ ತೊಳೆದು ಒರೆಸಿದರೆ ಆಯಿತು.

ಬಂದ ದಿನವೇ ಎಣಿಸಿ

ನಾನು ಎಣಿಸಲಿಲ್ಲ. ತೂಕ ಸರಿ ಇದೆ ಅನ್ನಿಸಿತು, ಸುಮ್ಮನಾದೆ. ಮೂಡಿಗೆರೆಯಲ್ಲಿ ಮೂರನೇ ರಾತ್ರಿ ಅತ್ತೆ, "ಲೋ, ಎರಡು-ಐದು ಎಲ್ಲೋ? ಮೂರು ದಿನದಿಂದ ಒಂದು ಸಲವೂ ನನ್ನ ಕೈಗೆ ಬಂದಿಲ್ಲ" ಅಂದರು. ಯಾರ ಕೈಗೂ ಬಂದಿರಲಿಲ್ಲ. ಎಣಿಸಿದರೆ 27. ಮಾರಿದವರನ್ನು ಕೇಳಿದಾಗ ವಾಪಸ್ ಮಾಡುವ ಅವಧಿ ಮುಗಿದಿದೆ ಅಂದರು. ಅಲ್ಲಿಗೆ ಮುಗೀತು.

ಕಳೆದ ಬಿಲ್ಲೆ ಯಾವುದು ಅಂತ ಕಂಡುಹಿಡಿಯಲು ಅತ್ತೆಯಂಥ ನೆನಪು ಬೇಕಿಲ್ಲ. ಎಲ್ಲ ಬಿಲ್ಲೆಯನ್ನೂ ಮೇಲ್ಮುಖ ಮಾಡಿ, ಸಂಖ್ಯೆಗೆ ಸಂಖ್ಯೆ ಹೊಂದಿಸುತ್ತಾ ಒಂದೇ ಸಾಲು ಮಾಡಿ. 28 ಇದ್ದರೆ ಸಾಲಿನ ಎರಡು ತುದಿಯಲ್ಲೂ ಒಂದೇ ಸಂಖ್ಯೆ ಬರಲೇಬೇಕು. ತುದಿಗಳು ಬೇರೆ ಬೇರೆ ಬಂದರೆ ಆ ಎರಡು ಸಂಖ್ಯೆಯ ಬಿಲ್ಲೆಯೇ ಕಳೆದಿರುವುದು. ನಮ್ಮ ಸಾಲು ಒಂದು ತುದಿಯಲ್ಲಿ ಎರಡಕ್ಕೆ, ಇನ್ನೊಂದು ತುದಿಯಲ್ಲಿ ಐದಕ್ಕೆ ನಿಂತಿತು. ಮೊಮ್ಮಗಳು ಇದನ್ನು ಮಂತ್ರ ಅಂದುಕೊಂಡಳು. ಮಂತ್ರ ಏನಿಲ್ಲ. ಪ್ರತಿ ಸಂಖ್ಯೆಯೂ ಏಳು ಬಿಲ್ಲೆಯಲ್ಲಿದೆ, ಜೋಡಿಯಲ್ಲಿ ಎರಡು ಸಲ ಬರುವುದರಿಂದ ಒಟ್ಟು ಎಂಟು ಅರ್ಧ. ಎಂಟು ಸಮಸಂಖ್ಯೆ. ಸಾಲಿನಲ್ಲಿ ಅರ್ಧಗಳು ಎರಡೆರಡಾಗಿ ಅಂಟಿ ಕೂರುತ್ತವೆ, ಹಾಗಾಗಿ ಒಂಟಿ ಉಳಿಯುವುದಿಲ್ಲ. ಉಳಿದರೆ ಅದರ ಜೊತೆಗಾರ ಕಾಣೆಯಾಗಿದೆ ಅಂತ ಲೆಕ್ಕ.

ಸಾಲು ಮಧ್ಯದಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡರೆ ಗಾಬರಿ ಬೇಡ. ಉಳಿದವುಗಳನ್ನು ಒಂದು ಸುತ್ತು ಮಾಡಿ, ಸಾಲನ್ನು ಸರಿಯಾದ ಜಾಗದಲ್ಲಿ ಬಿಡಿಸಿ ಮಧ್ಯೆ ಸೇರಿಸಿ. ಕಳೆದಿರುವುದು ಜೋಡಿಯಾದರೆ ತುದಿಗಳು ಒಂದೇ ಬರುತ್ತವೆ, ಆದರೆ ಏಳು ಜೋಡಿ ಇದೆಯಾ ಅಂತ ಕಣ್ಣಾಡಿಸಿದರೆ ತಿಳಿಯುತ್ತೆ. ಡಬಲ್ ನೈನ್ ಸೆಟ್ಟಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಎಲ್ಲ ಬಿಲ್ಲೆಯನ್ನು ಒಂದೇ ಸಾಲಿಗೆ ತರುವುದೇ ಆಗದ ಮಾತು.

ಮೊದಲ ಆಟ

ಮೊದಲು ಇದನ್ನೇ ಕಲಿಯಿರಿ, ಉಳಿದದ್ದೆಲ್ಲ ಇದರ ಮಕ್ಕಳು ಮೊಮ್ಮಕ್ಕಳು. ಇಬ್ಬರು ಆಡುತ್ತೀರಿ ಅಂದುಕೊಳ್ಳಿ.

1. ಬಿಲ್ಲೆಗಳನ್ನೆಲ್ಲ ಬೋರಲು ಹಾಕಿ ಎರಡೂ ಅಂಗೈಯಲ್ಲಿ ಗರಗರ ಕಲೆಸಿ. ಈ ಸದ್ದಿಗೆ ಮನೆಯಲ್ಲಿ ನಿದ್ದೆ ಮಾಡುತ್ತಿದ್ದವರೂ ಎದ್ದು ಬರುತ್ತಾರೆ. ಟೇಬಲ್ ಮೇಲೆ ಹಳೇ ಕಂಬಳಿ ಹಾಸಿದರೆ ಸದ್ದು ತಗ್ಗುತ್ತೆ.

2. ಒಬ್ಬೊಬ್ಬರು ಏಳೇಳು ಎತ್ತಿಕೊಳ್ಳಿ. ಉಳಿದ 14 ಬಿಲ್ಲೆ ಪಕ್ಕದಲ್ಲಿ ಬೋರಲಾಗಿಯೇ ಗುಡ್ಡೆ ಇರಲಿ. ಮೂರು ಅಥವಾ ನಾಲ್ಕು ಜನ ಇದ್ದರೆ ಐದೈದು ಸಾಕು.

3. ದೊಡ್ಡ ಜೋಡಿ ಯಾರ ಹತ್ತಿರ ಇದೆಯೋ ಅವರು ಅದನ್ನು ಹಾಕಿ ಶುರು ಮಾಡುತ್ತಾರೆ. ಯಾರಿಗೂ ಜೋಡಿ ಬಂದಿಲ್ಲವೇ, ಮತ್ತೆ ಕಲೆಸಿ.

4. ಆಮೇಲೆ ಸರದಿಯಂತೆ ಒಂದೊಂದು ಬಿಲ್ಲೆ. ಸಾಲಿನ ಯಾವುದಾದರೂ ತುದಿಯ ಸಂಖ್ಯೆಗೆ ಹೊಂದಬೇಕು. ಜೋಡಿಯನ್ನು ಅಡ್ಡಡ್ಡ ಇಡುವುದು ವಾಡಿಕೆ. ಸಾಲು ಟೇಬಲ್ ಅಂಚಿಗೆ ಬಂದರೆ ತಿರುಗಿಸಿ, ಮೂಡಿಗೆರೆ ರಸ್ತೆಯ ಹಾಗೆ ಎಷ್ಟು ತಿರುವು ಬೇಕಾದರೂ ತೆಗೆದುಕೊಳ್ಳಲಿ.

5. ಹೊಂದುವುದು ಇಲ್ಲದಿದ್ದರೆ? ಇಲ್ಲಿ ಎರಡು ಪದ್ಧತಿ. ಒಂದರಲ್ಲಿ ಸುಮ್ನೆ ಪಾಸ್. ಇನ್ನೊಂದರಲ್ಲಿ ಹೊಂದುವುದು ಸಿಗುವ ತನಕ ಗುಡ್ಡೆಯಿಂದ ಎತ್ತುತ್ತಾ ಹೋಗಬೇಕು. ಇಬ್ಬರ ಆಟದಲ್ಲಿ ಗುಡ್ಡೆಯ ಕೊನೆಯ ಎರಡು ಬಿಲ್ಲೆ ಮುಟ್ಟಬಾರದು ಅನ್ನುವ ನಿಯಮವೂ ಉಂಟು. ಶುರುವಿಗೆ ಮೊದಲೇ ಯಾವ ಪದ್ಧತಿ ಅಂತ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಜಗಳ ಗ್ಯಾರಂಟಿ.

6. ಕೈ ಖಾಲಿ ಮಾಡಿದವರು ಗೆದ್ದರು. ಎದುರಿನವರ ಕೈಯಲ್ಲಿ ಉಳಿದ ಚುಕ್ಕಿಗಳೆಲ್ಲ ಅವರಿಗೆ ಅಂಕ. ಯಾರಿಗೂ ಹಾಕಲು ಆಗದೆ ಆಟ ಬಂದ್ ಆದರೆ, ಕೈಯಲ್ಲಿ ಕಡಿಮೆ ಚುಕ್ಕಿ ಇರುವವರು ಗೆದ್ದ ಹಾಗೆ. ಆಗ ಎರಡು ಕೈಗಳ ವ್ಯತ್ಯಾಸದಷ್ಟು ಅಂಕ. ಮೊದಲು 100 ಮುಟ್ಟಿದವರಿಗೆ ಪೂರ್ತಿ ಆಟ.

ಏಳರ ಲೆಕ್ಕ ಕೆಲಸ ಮಾಡುವುದು ಹೀಗೆ

ಒಂದು ನಿಜವಾದ ಕೈ ತೋರಿಸುತ್ತೇನೆ. ಪಾಸ್ ಪದ್ಧತಿ, ಅತ್ತೆ ಮತ್ತು ನಾನು. ನನ್ನ ಕೈಯಲ್ಲಿ 3-0, 3-1, 3-3, 3-5, 6-4, 5-1, 2-2. ಮೂರರ ಬಿಲ್ಲೆಯೇ ನಾಲ್ಕು.

ಅತ್ತೆ 6-6 ಹಾಕಿದರು. ನಾನು 6-4. ಅವರು ನಾಲ್ಕಕ್ಕೆ 4-5 ಅಂಟಿಸಿದರು. ಈಗ ತುದಿಗಳು ಆರು ಮತ್ತು ಐದು. ನನ್ನ ಹತ್ತಿರ ಐದಕ್ಕೆ ಎರಡು ಬಿಲ್ಲೆ ಇವೆ, 5-1 ಮತ್ತು 3-5. ಮೂರರಲ್ಲಿ ನನ್ನದೇ ಜೋರು, ಹಾಗಾಗಿ 3-5 ಹಾಕಿ ಮೂರನ್ನು ತೆರೆದೆ. ಅತ್ತೆ ಇನ್ನೊಂದು ತುದಿಗೆ 6-3 ಹಾಕಿದರು. ಎರಡೂ ತುದಿ ಮೂರು!

ಈಗ ಎಣಿಸಿ. ನೆಲದ ಮೇಲೆ 3-5, 3-6. ನನ್ನ ಹತ್ತಿರ 3-0, 3-1, 3-3. ಐದಾಯಿತು. ಹೊರಗೆ ಉಳಿದಿರುವುದು 3-2 ಮತ್ತು 3-4, ಎರಡೇ. ನಾನು 3-3 ಅಡ್ಡ ಇಟ್ಟೆ. ತುದಿಗಳು ಮೂರಾಗಿಯೇ ಉಳಿದವು. ಅತ್ತೆ ಹೆಬ್ಬೆರಳು ಎಲ್ಲ ಬಿಲ್ಲೆಯ ಮೇಲೂ ಎರಡು ಸಲ ಓಡಿಸಿದರು. "ಪಾಸ್" ಅಂದರು, ಮುಖ ಗಂಟು ಹಾಕಿಕೊಂಡು.

ಆ ಒಂದು "ಪಾಸ್" ಎಷ್ಟು ಹೇಳಿತು ನೋಡಿ. 3-2, 3-4 ಎರಡೂ ಗುಡ್ಡೆಯಲ್ಲಿವೆ, ಈ ಆಟಕ್ಕೆ ಬರುವುದೇ ಇಲ್ಲ. ಇನ್ನು ಮೂರನ್ನು ಮುಚ್ಚುವುದು, ಬಿಡುವುದು ನನ್ನೊಬ್ಬನ ಕೈಯಲ್ಲಿ. ನಾನು ಒಂದು ತುದಿಗೆ 3-1 ಹಾಕಿದೆ. ಅವರಿಗೆ ಇರುವ ದಾರಿ ಆ ಒಂದೇ ತುದಿ. ಇನ್ನೊಂದು ತುದಿ ನನ್ನ 3-0 ಬಿಲ್ಲೆಗೆ ಬೀಗ ಹಾಕಿ ಇಟ್ಟ ಹಾಗೆ.

ಹಾಗಾಗಿ ಎದುರಿನವರು ಯಾವ ಸಂಖ್ಯೆಗೆ ಪಾಸ್ ಅಂದರು ಅಂತ ಯಾವಾಗಲೂ ನೆನಪಿಡಿ. ರಮ್ಮಿಯಲ್ಲಿ ಎಸೆದ ಎಲೆ ನೋಡಿಕೊಳ್ಳುವ ಹಾಗೆಯೇ. ಇದರ ಜೊತೆಗೆ ಇನ್ನೆರಡು ಅಭ್ಯಾಸ ಇದ್ದರೆ ಸಾಕು. ಜೋಡಿಗಳನ್ನು ಬೇಗ ಖಾಲಿ ಮಾಡಿ, ಉಳಿದ ಬಿಲ್ಲೆ ಎರಡು ಸಂಖ್ಯೆಗೆ ಹೊಂದಿದರೆ ಜೋಡಿ ಒಂದಕ್ಕೇ ಹೊಂದುತ್ತೆ. ಭಾರದ ಬಿಲ್ಲೆ, ಅಂದರೆ ಚುಕ್ಕಿ ಜಾಸ್ತಿ ಇರುವುದು, ಕೈಯಲ್ಲಿ ಉಳಿಯದಿರಲಿ. ಬೋಳು ಉಳಿದರೆ ನಷ್ಟ ಕಡಿಮೆ. ಇದನ್ನು ಅತ್ತೆ ಒಪ್ಪುವುದಿಲ್ಲ. ಬೋಳು ಕೈಯಲ್ಲಿದ್ದರೆ ಅಪಶಕುನ ಅಂತ ಮೊದಲು ಅದನ್ನೇ ಹಾಕುತ್ತಾರೆ. ಆದರೂ ಹತ್ತಕ್ಕೆ ಆರು ಆಟ ಅವರೇ ಗೆಲ್ಲುತ್ತಾರೆ ಅನ್ನುವುದು ಬೇರೆ ಮಾತು.

ಮುಂದೇನು?

ಈ ಆಟ ಒಂದು ವಾರ ಆಡಿ ರುಚಿ ಹತ್ತಿದ ಮೇಲೆ ಐದರ ಆಟಕ್ಕೆ ಬನ್ನಿ. ಸೆಟ್ ಅದೇ, ನಿಯಮವೂ ಹೆಚ್ಚುಕಡಿಮೆ ಅದೇ. ಆದರೆ ಪ್ರತಿ ಸಲ ಬಿಲ್ಲೆ ಹಾಕಿದಾಗ ತೆರೆದ ತುದಿಗಳನ್ನು ಕೂಡಿಸಬೇಕು. ಮೊತ್ತ 5, 10, 15 ಹೀಗೆ ಐದರ ಮಗ್ಗಿಯಲ್ಲಿ ಬಂದರೆ ಅಷ್ಟೂ ಅಂಕ ಹಾಕಿದವರಿಗೆ. ತುದಿಯಲ್ಲಿ ಅಡ್ಡ ಇರುವ ಜೋಡಿಯ ಎರಡೂ ಅರ್ಧ ಲೆಕ್ಕಕ್ಕೆ ಬರುತ್ತೆ. 5-5 ಹಾಕಿ ಶುರು ಮಾಡಿದರೆ ಕೂಡಲೇ 10. ಮುಂದಿನವರು 5-0 ಅಂಟಿಸಿದರೆ ಹತ್ತು ಕೂಡು ಸೊನ್ನೆ, ಅವರಿಗೂ 10. ಮತ್ತೊಬ್ಬರು ಆಚೆ ಬದಿಗೆ 5-4 ಹಾಕಿದರೆ ಜೋಡಿ ಮುಚ್ಚಿಹೋಯಿತು, ಸೊನ್ನೆ ಕೂಡು ನಾಲ್ಕು, ಏನೂ ಇಲ್ಲ. ಆಮೇಲೆ ಸೊನ್ನೆಗೆ 0-1 ಹಾಕಿದವರಿಗೆ ನಾಲ್ಕು ಕೂಡು ಒಂದು, 5. ಪ್ರೈಮರಿ ಮಕ್ಕಳಿಗೆ ಮಗ್ಗಿ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ನೀವು ಅಂಕ ಹೇಳಲು ಮರೆತರೆ ಎದುರಿನವರು ಅದನ್ನು ಕಿತ್ತುಕೊಳ್ಳಬಹುದು ಅನ್ನುವ ನಿಯಮ ಸೇರಿಸಿದರೆ ಮಕ್ಕಳು ಕಣ್ಣು ಮಿಟುಕಿಸದೆ ಕೂರುತ್ತಾರೆ.

ಮನೆಯಲ್ಲಿ ಇಸ್ಪೀಟಿನ ಇಪ್ಪತ್ತೆಂಟು ಆಡುವವರಿದ್ದರೆ ಅವರಿಗೆ ಅಮೆರಿಕದ ಟೆಕ್ಸಾಸಿನವರ ನಲವತ್ತೆರಡು ಖಂಡಿತ ಹಿಡಿಸುತ್ತೆ. ನಾಲ್ಕು ಜನ, ಎದುರುಬದುರು ಕೂತವರು ಜೊತೆ, ಒಬ್ಬೊಬ್ಬರಿಗೆ ಏಳು ಬಿಲ್ಲೆ. ಪಂಥ ಕಟ್ಟುವುದು, ತುರುಪು ಹೇಳುವುದು ಎಲ್ಲ ಇದೆ. ಸುತ್ತಿಗೊಂದರಂತೆ ಏಳು ಪಟ್ಟು, ಗೆದ್ದ ಪಟ್ಟಿಗೆ ಒಂದೊಂದರಂತೆ ಏಳು ಅಂಕ. ಚುಕ್ಕಿಯ ಮೊತ್ತ ಹತ್ತು ಬರುವ 5-5, 6-4 ಬಿಲ್ಲೆಗೆ ಹತ್ತತ್ತು, ಐದು ಬರುವ 5-0, 4-1, 3-2 ಬಿಲ್ಲೆಗೆ ಐದೈದು. ಎಲ್ಲ ಸೇರಿ 42.

ಹೋಂಸ್ಟೇ ನಡೆಸುವವರು, ಆರೆಂಟು ಜನ ಒಟ್ಟಿಗೆ ಬರುವ ಮನೆಯವರು ಮಾತ್ರ ಡಬಲ್ ಟ್ವೆಲ್ವ್ ತರಿಸಿ ಮೆಕ್ಸಿಕನ್ ಟ್ರೈನ್ ಆಡಬಹುದು. 12-12 ನಡುವೆ ಇಟ್ಟು, ಅದರಿಂದ ಒಬ್ಬೊಬ್ಬರೂ ತಮ್ಮದೊಂದು ರೈಲು ಕಟ್ಟುತ್ತಾ ಹೋಗುವ ಆಟ. ಪೂರ್ತಿ ಆಡಿದರೆ 13 ಸುತ್ತು. ದೊಡ್ಡ ಊಟದ ಟೇಬಲ್ ಬೇಕು, ಇಡೀ ಸಂಜೆ ಬೇಕು. ಇದಕ್ಕೆ ಸಂಖ್ಯೆಗೊಂದು ಬಣ್ಣದ ಚುಕ್ಕಿ ಇರುವ ಸೆಟ್ಟನ್ನೇ ಕೊಳ್ಳಿ.

ಇನ್ನು ಬೀಳಿಸುವ ಆಟ. ಮಕ್ಕಳು ಅದನ್ನು ಕೇಳೇ ಕೇಳುತ್ತಾರೆ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಅದಕ್ಕೆ ಬಹಳ ಚೆನ್ನ. ಬಿಲ್ಲೆಯ ಎತ್ತರದ ಅರ್ಧದಷ್ಟು ಅಂತರ ಬಿಟ್ಟು ನಿಲ್ಲಿಸಿ. ಜೋಡಿಸುವಾಗ ನಡುನಡುವೆ ಒಂದೊಂದು ಬಿಲ್ಲೆಯ ಜಾಗ ಖಾಲಿ ಬಿಟ್ಟು ಕೊನೆಗೆ ತುಂಬಿ, ಆಗ ಅಕಸ್ಮಾತ್ ಕೈ ತಗುಲಿದರೂ ಎಲ್ಲ ಉರುಳಲ್ಲ. ಒಂದು ಬಿಲ್ಲೆ ತನಗಿಂತ ಒಂದೂವರೆ ಪಟ್ಟು ದೊಡ್ಡದನ್ನೂ ಬೀಳಿಸಬಲ್ಲದು. ಲಾರ್ನ್ ವೈಟ್‌ಹೆಡ್ ಅನ್ನುವ ಭೌತವಿಜ್ಞಾನಿ 1983ರಲ್ಲಿ ಇದನ್ನು ಬರೆದು ತೋರಿಸಿದ್ದಾರೆ. ರಟ್ಟು, ಪುಸ್ತಕ, ಹಲಗೆ ಹೀಗೆ ದೊಡ್ಡದಾಗುತ್ತಾ ಹೋಗುವ ಸಾಲು ಮಾಡಿ ನೋಡಿ. ಬಾಗಿಲಿನ ತನಕ ಹೋಗಬೇಡಿ ಅಷ್ಟೇ.

ಕಳೆದ ಬಿಲ್ಲೆಗೆ ಏನು ಮಾಡುವುದು?

ನಮ್ಮ 2-5 ಬಿಲ್ಲೆಗೆ ಬದಲಿ ಮಾಡಿಕೊಟ್ಟವರು ತೋಟಕ್ಕೆ ಬರುವ ಬಡಗಿ. ಸಿಲ್ವರ್ ಓಕಿನ ಒಂದು ತುಂಡನ್ನು ಅಳತೆಗೆ ಕೊಯ್ದು, ಪಾಲಿಶ್ ಕಾಗದದಲ್ಲಿ ಉಜ್ಜಿ, ಕಾಯಿಸಿದ ಮೊಳೆಯಲ್ಲಿ ಏಳು ಚುಕ್ಕಿ ಸುಟ್ಟರು. ಹತ್ತು ನಿಮಿಷದ ಕೆಲಸ. ಇಡೀ ಸೆಟ್ಟನ್ನೇ ಹೀಗೆ ಮಾಡಿಸಬಹುದು, 168 ಸಲ ಮೊಳೆ ಒತ್ತುವ ತಾಳ್ಮೆ ಇದ್ದರೆ. ಆಗ ಎಲ್ಲ ಬಿಲ್ಲೆಯ ಹಿಂಬದಿಗೂ ಒಂದೇ ಬಣ್ಣ ಬಳಿಯಿರಿ. ಮರದ ಗೆರೆ ನೋಡಿ ಬಿಲ್ಲೆ ಗುರುತು ಹಿಡಿಯುವ ಕಿಲಾಡಿಗಳು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ನಮಗೆ ಆಗಿದ್ದೂ ಅದೇ. 27 ಬಿಳಿ ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಒಂದು ಮರದ ತುಂಡು. ಬೋರಲು ಹಾಕಿದರೂ ಅದು 2-5 ಅಂತ ಕೂಸಿಗೂ ಗೊತ್ತು. ಯಾರ ಕೈಗೆ ಹೋದರೂ ಗುಟ್ಟು ರಟ್ಟು. ಕೊನೆಗೆ ಅತ್ತೆಯೇ ಒಂದು ದಾರಿ ಹುಡುಕಿದರು. ಈಗ ನಮ್ಮ ಮನೆಯಲ್ಲಿ ಜೋಡಿಯಿಂದ ಶುರು ಮಾಡುವುದಿಲ್ಲ. ಮರದ 2-5 ಯಾರಿಗೂ ಸೇರಿದ್ದಲ್ಲ, ಅದನ್ನು ಮೊದಲೇ ಟೇಬಲ್ಲಿನ ನಡುವೆ ಇಟ್ಟುಬಿಡುತ್ತೇವೆ. ಉಳಿದ 27 ಕಲೆಸಿ, ಏಳೇಳು ಎತ್ತಿಕೊಂಡು, ಅದರ ಎರಡು ಬದಿಗೆ ಆಟ ಕಟ್ಟುತ್ತೇವೆ. ಅತ್ತೆ ಎಡಕ್ಕೆ, ಐದರ ಕಡೆ ಕೂರುತ್ತಾರೆ. ಆ ಕುರ್ಚಿಗೆ ಬೇರೆ ಯಾರೂ ಕೂರುವ ಹಾಗಿಲ್ಲ.